ನಡುವಿನ ದಿನಗಳು

ಬೆಳಿಗ್ಗೆ ಕಂಡದ್ದು ಅದೇ ಹೌದೋ ಅಲ್ಲವೋ ಎಂದು ತೀರ್ಮಾನಿಸಲಾಗದೆ ಅವಳು ಮೇಣದ ಒಸಡನ್ನು ಎರಡನೆಯ ಸಲ ಕೆಡಿಸಿದಳು. ಕೈಯಲ್ಲಿದ್ದದ್ದು ಯಾರೋ ನಿವೃತ್ತ ಮೇಷ್ಟ್ರ ಕೆಳಸಾಲಿನ ಹಲ್ಲಿನ ಸೆಟ್ಟು. ಹಲ್ಲುಗಳೆಲ್ಲ ಸರಿಯಾಗಿ ಕೂತಿದ್ದವು. ಅವುಗಳ ಬುಡಕ್ಕೆ ಗುಲಾಬಿ ಮೇಣವನ್ನು ಒಸಡಿನ ಹಾಗೆ ತಿದ್ದುವುದಷ್ಟೇ ಬಾಕಿ. ದಿನವೂ ಮಾಡುವ ಕೆಲಸ. ಸ್ಪಿರಿಟ್ ದೀಪದ ಮೇಲೆ ಚಾಕು ಕಾಯಿಸಬೇಕು, ಮೇಣಕ್ಕೆ ತಾಗಿಸಬೇಕು, ಅದು ಕರಗಿ ಹರಿಯುವ ಮೊದಲೇ ಕೈ ತೆಗೆಯಬೇಕು. ಇವತ್ತು ಕೈ ತೆಗೆಯುವುದೇ ಮರೆತುಹೋಗುತ್ತಿತ್ತು. ಬೆರಳಿಗೆ ಅಂಟಿಕೊಂಡ ಮೇಣವನ್ನು ಹೆಬ್ಬೆರಳಿಗೆ ತಾಗಿಸಿ ಮೆಲ್ಲಗೆ ಎಳೆದು ನೋಡಿದಳು. ಎಳೆಯಾಗಿ ಬಂತು, ತುಂಡಾಯಿತು. ತಾನೇನು ಮಾಡುತ್ತಿದ್ದೇನೆಂದು ಆಗ ಹೊಳೆದು, ಯಾರೋ ಬಚ್ಚಲ ಬಾಗಿಲು ತೆರೆದುಬಿಟ್ಟಂತೆ ಕಿವಿ ಬಿಸಿಯಾಯಿತು. ಎದುರಿನ ಮೇಜಿನಲ್ಲಿದ್ದ ಹಲ್ಲಿನ ಲ್ಯಾಬಿನ ಯಜಮಾನರು ತಲೆ ಎತ್ತಿರಲಿಲ್ಲ. ಅವರು ಗಾರೆಯ ಅಚ್ಚನ್ನು ಬ್ರಷ್ಷಿನಿಂದ ಉಜ್ಜುತ್ತ, ಯಾವ ಹೊಸ ಸೆಟ್ಟು ಬಂದರೂ ಹೇಳುವ ಮಾತನ್ನೇ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು: "ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ. ನಮ್ಮ ಹೊಟ್ಟೆ ತುಂಬ್ತಿರೋದೇ ಅದರಿಂದ."

ಬೆಳಿಗ್ಗೆ ಬಚ್ಚಲ ಬಲ್ಬಿನ ಕೆಳಗೆ ನಿಂತು ಎರಡು ಬೆರಳ ನಡುವೆ ಹಿಡಿದು ನೋಡಿದ್ದಳು. ಪಾರದರ್ಶಕವಾಗಿತ್ತೇ? ಇತ್ತು ಎಂದುಕೊಂಡರೆ ಇತ್ತು. ಎಳೆದರೆ ನಿಂತಿತೇ? ಒಂದು ಕ್ಷಣ ನಿಂತ ಹಾಗಾಯಿತು. ಬಲ್ಬಿನ ಕಡೆಗೆ ಕೈಯೆತ್ತಿ, ಕುತ್ತಿಗೆ ಹೊರಳಿಸಿ, ಚಿನ್ನದ ಅಂಗಡಿಯವನು ಹರಳನ್ನು ನೋಡುವಂತೆ ನೋಡುತ್ತಿದ್ದ ತನ್ನನ್ನು ಕನ್ನಡಿಯಲ್ಲಿ ಕಂಡು, ಅಯ್ಯೋ ನನ್ನ ಬಾಳೇ ಎಂದುಕೊಂಡು ಕೈ ತೊಳೆದಿದ್ದಳು. ತೊಳೆದ ಮೇಲೆ ಇನ್ನೊಮ್ಮೆ ನೋಡಬೇಕಿತ್ತು ಅನ್ನಿಸಿತು. ನಲವತ್ತು ದಾಟಿದ ಮೇಲೆ ತನ್ನ ಮೈಯನ್ನು ಹೀಗೆ ಕಳ್ಳನ ಜಾಡು ಹಿಡಿದಂತೆ ಹಿಂಬಾಲಿಸಬೇಕಾಗಿ ಬಂದೀತೆಂದು ಯಾರು ಅಂದುಕೊಂಡಿದ್ದರು. ಅಡುಗೆಮನೆಗೆ ಬಂದಾಗ ಗಂಡ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ನಿಂತೇ ಟೀ ಕುಡಿಯುತ್ತಿದ್ದ. ಅವನು ದೂರದೂರಿನ ಬಸ್ಸಿನ ಡ್ರೈವರು. ಒಂದು ರಾತ್ರಿ ಅಲ್ಲಿ, ಒಂದು ರಾತ್ರಿ ಇಲ್ಲಿ. ಡಿಪೋದವರ ಡ್ಯೂಟಿ ಪಟ್ಟಿಗೂ ಅವಳ ಮೈಯ ಪಟ್ಟಿಗೂ ಎಂದೂ ತಾಳೆಯಾಗುತ್ತಿರಲಿಲ್ಲ. "ಇವತ್ತು ಇರಬಹುದು ರೀ," ಎಂದಳು. "ಇರಬಹುದಾ, ಇದೆಯಾ?" ಎಂದ ಅವನು, ಲೋಟದೊಳಗೆ ನಗುತ್ತ. "ಇರಬಹುದು ಅಂತ ಹೇಳಿ ಡ್ಯೂಟಿ ಬದಲಾಯಿಸ್ಕೊಳ್ಳೋಕೆ ಆಗಲ್ಲ ಕಣೇ. ಹೋದ ಸಲ ಕೇಳಿದ್ದಕ್ಕೇ ಇಡೀ ಡಿಪೋ ಹಲ್ಲು ಗಿಂಜಿತು. ಹೊಸ ಮದುಮಗ ಅಂತಿದಾರೆ ನನ್ನ, ಈ ತಲೆ ನೋಡಿ." ಅವನು ಬಗ್ಗಿಸಿ ತೋರಿಸಿದ ಬೋಳುತಲೆಗೆ ಅವಳು ಸೌಟಿನಿಂದ ಮೆಲ್ಲಗೆ ಕುಟ್ಟಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಸಂಜೆಗೆ ಬರ್ತೀನಿ. ಹತ್ತಿರದ ರೂಟು ಕೇಳ್ತೀನಿ. ನಕ್ಕರೆ ನಗಲಿ," ಎಂದ. ಹೀಗೆ ಅನ್ನುವಾಗ ಅವನ ಮುಖದಲ್ಲಿ ತಮಾಷೆಯಿರಲಿಲ್ಲ. ಆ ಮುಖ ನೆನಪಾದರೇ ಅವಳಿಗೆ ಹೆದರಿಕೆ. ಬೆಳಗಿನದು ಅದಲ್ಲದಿದ್ದರೆ? ಹುಡುಕಿದರೆ ಸಿಗುವುದು ಬೇರೆ, ಹುಡುಕುವವಳ ಕಣ್ಣಿಗೆ ಸಿಕ್ಕಿದ್ದೆಲ್ಲ ಅದೇ ಆಗಿ ಕಾಣುವುದು ಬೇರೆ.

ಮೂರನೆಯ ಸಲ ಚಾಕು ಕಾಯಿಸಿದಳು. ಮಗುವಿನ ವಿಷಯಕ್ಕೆಂದು ಕೆಲವು ತಿಂಗಳ ಹಿಂದೆ ಹೋಗಿ ಕಂಡಿದ್ದ ಡಾಕ್ಟರಮ್ಮನ ಮೇಜಿನ ಮೇಲೆ ಗಾಜಿನ ಗುಂಡು ಒಂದಿತ್ತು, ಕಾಗದ ಹಾರದಂತೆ ಇಟ್ಟದ್ದು. ಅವರು ಮಾತಾಡುವಾಗಲೆಲ್ಲ ಅದನ್ನು ಅಂಗೈಯಲ್ಲಿ ಉರುಳಿಸುತ್ತಿದ್ದರು. "ತಿಂಗಳ ಮುಟ್ಟು ಮುಗಿದ ಮೇಲೆ ಕೆಲವು ದಿನ ಒಣಗಿದ ಹಾಗಿರತ್ತೆ. ಆಮೇಲೆ ಅಂಟಂಟು, ಆಮೇಲೆ ಕೆನೆ ಥರ. ಅದಾದ ಮೇಲೆ ನಡುವಿನ ಕೆಲವು ದಿನ ಹಸಿ ಮೊಟ್ಟೆಯ ಬಿಳಿ ಇರತ್ತಲ್ಲ, ಥೇಟ್ ಹಾಗೆ. ತೆಳ್ಳಗೆ, ಜಾರೋ ಥರ, ಎಳೆದ್ರೆ ಎಳೆಯಾಗಿ ಬರತ್ತೆ. ಅದು ಬಂತು ಅಂದ್ರೆ ಅಂಡ ಹೊರಗೆ ಬರೋ ಹೊತ್ತು ಹತ್ತಿರ ಬಂತು ಅಂತ. ಕೆಲವರಿಗೆ ಕಿಬ್ಬೊಟ್ಟೆಯಲ್ಲಿ ಒಂದೇ ಕಡೆ ಚುಚ್ಚಿದ ಹಾಗಾಗತ್ತೆ. ಕೆಲವರಿಗೆ ಎದೆ ಭಾರ. ಎಲ್ಲರಿಗೂ ಎಲ್ಲವೂ ಇರಬೇಕು ಅಂತೇನಿಲ್ಲ." ಥರ್ಮಾಮೀಟರಿನ ವಿಷಯವೂ ಹೇಳಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಹಾಸಿಗೆಯಿಂದ ಏಳುವ ಮೊದಲೇ ನೋಡಬೇಕು. ಅಂಡ ಹೊರಬಿದ್ದ ಮೇಲೆ ಮೈ ಕೂದಲೆಳೆಯಷ್ಟು ಬಿಸಿಯಾಗಿ ಹಾಗೇ ನಿಲ್ಲುತ್ತದೆ. ಅದನ್ನು ಮನೆಗೆ ಬಂದು ಹೇಳಿದಾಗ ಗಂಡ, "ಅಂದ್ರೆ ಬಸ್ಸು ಹೋದ ಮೇಲೆ ಇಂಥ ಬಸ್ಸು ಹೋಯ್ತು ಅಂತ ಹೇಳೋ ಬೋರ್ಡು," ಎಂದಿದ್ದ. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಆದರೆ ಅದಕ್ಕೂ ಮೊದಲು, ಗಾಜಿನ ಗುಂಡು ಇನ್ನೂ ಮೇಜಿನ ಮೇಲೇ ಇದ್ದಾಗ, ಡಾಕ್ಟರಮ್ಮ ತಲೆ ಎತ್ತದೆ ಕೇಳಿದ್ದರು: "ಮಕ್ಕಳಿದ್ದಾರಾ?" ಅವಳು "ಇಲ್ಲ" ಎಂದಿದ್ದಳು. ಪರದೆಯ ಆಚೆ, ಬೆಂಚಿನ ಮೇಲೆ, ಅವಳ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗಿ ಕೂತಿದ್ದಳು. ಶಾಲೆಗೆ ರಜೆ, ಮನೆಯಲ್ಲಿ ಒಬ್ಬಳೇ ಯಾಕೆ ಅಂತ ಜೊತೆಗೆ ಕರೆತಂದಿದ್ದಳು. "ಹೊರಗೆ ಕೂತಿರೋಳು?" "ಅದು... ಅವರ ಮಗಳು." ಅವರ ಮಗಳು. ಒಂದೇ ತಟ್ಟೆಯಲ್ಲಿ ಅನ್ನದ ತಳ ಕೆರೆದು ತಿಂದವಳು, ತಲೆಗೆ ಎಣ್ಣೆ ಹಚ್ಚಿಸಿಕೊಂಡವಳು, ತಾನು ಎರಡನೆಯ ಹೆಂಡತಿಯಾಗಿ ಈ ಮನೆಗೆ ಬಂದ ಮೂರು ವರ್ಷದಿಂದ ಚಿಕ್ಕಮ್ಮ ಎಂದು ಕರೆದವಳು. ಡಾಕ್ಟರು ಕೇಳಿದ್ದು ಹೆತ್ತ ಮಕ್ಕಳ ವಿಷಯ, ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಅಂದಿನಿಂದ ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಳೋ. ನಿಜ ಹೇಳಿದ್ದಕ್ಕೆ ಯಾರಾದರೂ ಇಷ್ಟು ಸಲ ಸಮಾಧಾನ ಹೇಳಿಕೊಳ್ಳುತ್ತಾರೆಯೇ. ಹೊರಗೆ ಬಂದಾಗ ಹುಡುಗಿ ಬೆಂಚಿನ ಮೇಲಿರಲಿಲ್ಲ, ಕೆಳಗೆ ಮೆಟ್ಟಿಲ ಹತ್ತಿರ ನಿಂತು ಹೋಗಿಬರುವವರನ್ನು ನೋಡುತ್ತಿದ್ದಳು. ಕೇಳಿಸಿತ್ತೋ ಇಲ್ಲವೋ ತಿಳಿಯಲಿಲ್ಲ. ಕೊಡೆ ಚಾಚಿ, "ಹೋಗೋಣ್ವಾ?" ಎಂದಳಷ್ಟೆ.

"ನಿಮ್ಮನೆ ಹುಡುಗಿ ಬಂದ ಹಾಗಿದೆ," ಎಂದರು ಯಜಮಾನರು. ಬಾಗಿಲಲ್ಲಿ ಶಾಲೆಯ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅಳಿಲು. ಚಿಕ್ಕವಳಿದ್ದಾಗ ಕೊಟ್ಟ ತಿಂಡಿಯನ್ನೆಲ್ಲ ಕೆನ್ನೆಯೊಳಗೆ ತುಂಬಿಕೊಂಡು ಓಡುತ್ತಿದ್ದಳಂತೆ, ಅಪ್ಪ ಇಟ್ಟ ಹೆಸರು. ಈಗ ಒಂಬತ್ತನೆಯ ತರಗತಿ. ಹೆಸರು ಮಾತ್ರ ಹಾಗೇ ಉಳಿದಿದೆ, ಈಗಲೂ ಏನನ್ನಾದರೂ ಕೆನ್ನೆಯೊಳಗೆ ಬಚ್ಚಿಟ್ಟುಕೊಂಡವಳ ಹಾಗೆಯೇ ಇರುತ್ತಾಳೆ. ಶಾಲೆ ಬಿಡುವ ಹೊತ್ತಲ್ಲ. ಮನೆಯ ಬೀಗದಕೈ ಅವಳ ಹತ್ತಿರವೇ ಇರುತ್ತದೆ, ಹುಷಾರಿಲ್ಲದಿದ್ದರೆ ನೇರ ಮನೆಗೆ ಹೋಗಿ ಮಲಗುವ ಹುಡುಗಿ. ಇಲ್ಲಿಗೆ ಎಂದೂ ತಾನಾಗಿ ಬಂದವಳಲ್ಲ. "ಹೊಟ್ಟೆ ನೋಯ್ತಿತ್ತು. ಹೇಳಿ ಬಂದೆ," ಎಂದಳು, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ. ಅವಳು ದೀಪ ಆರಿಸಿ, ಮೇಣದ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಯಜಮಾನರು ಅವಳು ಕೇಳುವ ಮೊದಲೇ, "ಹೋಗಮ್ಮ, ಹೋಗು. ಮೇಷ್ಟ್ರು ಇಷ್ಟು ದಿನ ಗಂಜಿ ಕುಡಿದಿದಾರೆ, ಇನ್ನೊಂದು ದಿನ ಕುಡೀತಾರೆ," ಎಂದರು.

ಸಿಟಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಹುಡುಗಿಯನ್ನು ಕೂರಿಸಿ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಹುಡುಗಿ ಬ್ಯಾಗಿನ ಕೆಳಗೆ ಕೈಯಿಟ್ಟು ಕಿಬ್ಬೊಟ್ಟೆ ಒತ್ತಿಕೊಂಡಿದ್ದಳು. ಅಪೆಂಡಿಕ್ಸೇನಾದರೂ ಇರಬಹುದೇ? ಅದು ಬಲಗಡೆ ಎಂದು ಎಲ್ಲೋ ಕೇಳಿದ ನೆನಪು. "ಯಾವ ಕಡೆ ನೋವು?" "ಈ ಸಲ ಎಡಗಡೆ." "ಈ ಸಲ ಅಂದ್ರೆ? ಮುಂಚೆನೂ ಬಂದಿತ್ತಾ?" ಹುಡುಗಿ ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ಅವಳ ಮುಖದ ಮೇಲೆ ಅಂಗಡಿಗಳ ಬೋರ್ಡುಗಳು ಹಾದುಹೋಗುತ್ತಿದ್ದವು. ಇನ್ನು ಕೇಳಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಹುಡುಗಿಯ ಮೌನಕ್ಕೆಲ್ಲ ತಾನೇ ಕಾರಣವೆಂದು ತಿಳಿದು ಕಂಗಾಲಾಗುತ್ತಿದ್ದಳು. ಒಂದು ದಿನ ರದ್ದಾದ ಹಲ್ಲುಗಳ ಡಬ್ಬಿಯನ್ನು ಮನೆಗೆ ತಂದು ಸುಮ್ಮನೆ ಮುಂದಿಟ್ಟಿದ್ದಳು. ಹುಡುಗಿ ಒಂದೊಂದನ್ನೇ ಬೆಳಕಿಗೆ ಹಿಡಿದು, ಇದು ಕೋರೆ, ಇದು ದವಡೆ ಎಂದು ಬೇರೆ ಬೇರೆ ಮಾಡಿ, ಕೊನೆಗೆ ಒಂದನ್ನು ಮುಷ್ಟಿಯಲ್ಲಿಟ್ಟುಕೊಂಡು, "ಇದು ಯಾರದು ಆಗಬೇಕಿತ್ತು?" ಎಂದು ಕೇಳಿದ್ದಳು. ಅದೇ ಮೊದಲ ಮಾತು. ಕಾಯಬೇಕು, ಅಷ್ಟೆ. ಕಾಯುವ ವಿದ್ಯೆ ಅವಳಿಗೆ ಹುಡುಗಿಯಿಂದಲೇ ಬಂದದ್ದು. ಈಗ ಅದನ್ನು ತನ್ನ ಮೈಯ ಮೇಲೂ ಪ್ರಯೋಗಿಸುತ್ತಿದ್ದಳು. ಮೈ ಮಾತ್ರ ಬಾಯಿಬಿಡುತ್ತಿರಲಿಲ್ಲ.

ಮನೆಗೆ ಬಂದವಳೇ ಹುಡುಗಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿಯ ಸದ್ದು ಶುರುವಾಯಿತು, ನಿಲ್ಲಲಿಲ್ಲ. ಅವಳು ಹಾಲು ಕಾಯಿಸಲಿಟ್ಟಳು, ಉಕ್ಕುವ ಮೊದಲು ಇಳಿಸಿದಳು. ನಲ್ಲಿ ಇನ್ನೂ ಹರಿಯುತ್ತಿತ್ತು. ಕೆಲವು ತಿಂಗಳಿಂದ ಒಳಉಡುಪನ್ನು ಹುಡುಗಿ ತಾನೇ ಒಗೆದು, ತಂತಿಯ ಮೇಲೆ ಟವೆಲ್ಲಿನ ಅಡಿಯಲ್ಲಿ ಒಣಹಾಕುತ್ತಿದ್ದಳು. ದೊಡ್ಡವಳಾಗುತ್ತಿದ್ದಾಳೆ, ನಾಚಿಕೆ ಬಂದಿದೆ, ಒಳ್ಳೆಯದೇ ಎಂದುಕೊಂಡು ಸುಮ್ಮನಾಗಿದ್ದಳು. ತಿಂಗಳ ಮುಟ್ಟಿನ ವಿಷಯ ಹುಡುಗಿ ಮುಚ್ಚಿಟ್ಟವಳಲ್ಲ, ಪ್ಯಾಡು ಮುಗಿದರೆ ನೇರವಾಗಿ ಕೇಳುತ್ತಿದ್ದಳು. ಹಾಗಿದ್ದರೆ ಇದೇನು? ಸೊಂಟಕ್ಕೆ ಕೈಕೊಟ್ಟು ಮುಚ್ಚಿದ ಬಾಗಿಲಿನ ಮುಂದೆ ನಿಂತಾಗ, ಬೆಳಿಗ್ಗೆ ಇದೇ ಬಾಗಿಲಿನ ಒಳಗೆ ತಾನೂ ಹೀಗೇ ನಲ್ಲಿ ಬಿಟ್ಟುಕೊಂಡು ನಿಂತಿದ್ದು ನೆನಪಾಯಿತು, ಸದ್ದು ಹೊರಗೆ ಕೇಳದಿರಲೆಂದು. ಬಾಗಿಲು ತಟ್ಟಿದಳು. "ಅಳಿಲು. ಏನೇ ಇದ್ರೂ ನಂಗೆ ಹೇಳಬಹುದು. ಬೈಯಲ್ಲ." ನಲ್ಲಿ ನಿಂತಿತು. ಬಾಗಿಲ ಆಚೆಯಿಂದಲೇ ದನಿ ಬಂತು, ಬಹಳ ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡ ಹಾಗೆ, ಸಪಾಟಾಗಿ: "ಅಮ್ಮಂಗೆ ಆಗಿದ್ದು ನಂಗೂ ಆಗಿದೆ."

ಹುಡುಗಿಯನ್ನು ಹೊರಗೆ ಕರೆದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದಳು. ಆ ತಾಯಿಯನ್ನು ಅವಳು ಕಂಡವಳಲ್ಲ. ನಡುಮನೆಯ ಗೋಡೆಯ ಮೇಲಿನ ಫೋಟೋದಲ್ಲಿ ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಂಡು ಪಕ್ಕಕ್ಕೆ ನೋಡುತ್ತಿರುವ ಹೆಂಗಸು. ಗರ್ಭಕೋಶದ ಕಾಯಿಲೆ, ಗೊತ್ತಾಗುವಷ್ಟರಲ್ಲಿ ತಡವಾಗಿತ್ತು ಎಂದು ಗಂಡ ಒಮ್ಮೆ ಮಾತ್ರ ಹೇಳಿದ್ದ. "ಬಿಳಿ ಹೋಗ್ತಿತ್ತಂತೆ ಅಮ್ಮಂಗೆ. ಅತ್ತೆ ಫೋನಲ್ಲಿ ಯಾರಿಗೋ ಹೇಳ್ತಿದ್ರು. ಅದರಿಂದಲೇ ಶುರುವಾಗಿದ್ದು, ಆಗಲೇ ತೋರಿಸಿದ್ದಿದ್ರೆ ಉಳೀತಿದ್ಲು ಅಂತ." ಹುಡುಗಿ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ನಂಗೂ ಹೋಗತ್ತೆ. ಹೊಟ್ಟೆನೂ ನೋಯತ್ತೆ."

"ಯಾವಾಗಿಂದ?"

"ಏಳೆಂಟು ತಿಂಗಳಾಯ್ತು."

"ಇಷ್ಟು ದಿನ ಯಾಕೆ ಹೇಳಲಿಲ್ಲ ಮರಿ?"

"ಅಪ್ಪಂಗೆ ಹೇಗೆ ಹೇಳೋದು? ಅಪ್ಪ ಮತ್ತೆ ಆಸ್ಪತ್ರೆ ಅಂತ ಓಡಾಡಬೇಕಲ್ವಾ."

"ನಂಗೆ?"

ಹುಡುಗಿ ಒಲೆಯ ಕಡೆ ನೋಡುತ್ತ ಹೇಳಿದಳು: "ನಿಮಗೆ ಪಾಪು ಆಗ್ಲಿ ಅಂತ ಕಾಯ್ತಿದ್ದೆ. ಆಮೇಲೆ ಹೇಳೋಣ ಅಂತ. ಆಗ ನಂಗೇನಾದ್ರೂ ಆದ್ರೂ ಅಪ್ಪಂಗೆ ಒಂದು ಇರತ್ತಲ್ಲ."

ಈ ಮಾತು ಮನಸ್ಸಿಗೆ ಇಳಿಯಲು ಸಮಯ ಹಿಡಿಯಿತು. ಮೊದಲು ಹೊಳೆದದ್ದು ಬರೀ ಅವಮಾನ: ಇವಳಿಗೆ ಎಲ್ಲ ಗೊತ್ತಿದೆ. ತಲೆದಿಂಬಿನ ಪಕ್ಕದ ಥರ್ಮಾಮೀಟರು, ಬೆಳಗಿನ ಬಚ್ಚಲು, ಅಪ್ಪ ಡ್ಯೂಟಿ ಬದಲಾಯಿಸಿಕೊಂಡು ಹಲ್ಲು ಕಿರಿಯುತ್ತ ಬರುವುದು, ಎಲ್ಲ. "ನಿಮಗೆ ದಿನಾ ಜ್ವರ ಇರಲ್ಲ, ಆದ್ರೂ ನೋಡ್ಕೋತೀರ," ಎಂದಳು ಹುಡುಗಿ, ಅವಳ ಮುಖವನ್ನು ಓದಿದವಳಂತೆ. "ಅವತ್ತು ಡಾಕ್ಟರ ಹತ್ರ ಪರದೆ ಮಾತ್ರ ತಾನೇ ಇದ್ದಿದ್ದು. ಮಕ್ಕಳಿದ್ದಾರಾ ಅಂದ್ರು, ನೀವು ಇಲ್ಲ ಅಂದ್ರಿ. ಆಮೇಲೆ ನಾನು ಮೆಟ್ಟಿಲ ಹತ್ರ ಹೋಗಿಬಿಟ್ಟೆ." ದನಿಯಲ್ಲಿ ದೂರೇನೂ ಇರಲಿಲ್ಲ, ಮೆಟ್ಟಿಲಿಗೆ ಹೋದದ್ದು ಮೆಟ್ಟಿಲಿಗೆ ಹೋದದ್ದಷ್ಟೇ ಎನ್ನುವ ಹಾಗಿತ್ತು. ಅವಳು ಕಟ್ಟೆಯನ್ನು ಹಿಡಿದುಕೊಂಡಳು. ತಾನು ಆ ಒಂದು ಮಾತು ಆಡಿದ್ದಕ್ಕೆ ಈ ಹುಡುಗಿ ಎದ್ದುಹೋಗಿದ್ದಳು. ಕೂತಿದ್ದರೆ ಮುಂದಿನದ್ದೆಲ್ಲ ಕೇಳಿಸಿಕೊಂಡಿರುತ್ತಿದ್ದಳು. ಗಾಜಿನ ಗುಂಡನ್ನು ಉರುಳಿಸುತ್ತ ಡಾಕ್ಟರಮ್ಮ ಹೇಳಿದ್ದನ್ನು, ಅಂಟಂಟು, ಕೆನೆ, ಮೊಟ್ಟೆಯ ಬಿಳಿ, ಒಂದೇ ಕಡೆಯ ನೋವು; ಕೇಳಿಸಿಕೊಂಡು, ಓ ಇದೇನಾ ಎಂದುಕೊಂಡು, ಅಂದೇ ಹಗುರವಾಗಿ ಮನೆಗೆ ಬಂದಿರುತ್ತಿದ್ದಳು. ಸಾಯುತ್ತೇನೆಂದು ತಿಳಿದು, ಹೋಮ್‌ವರ್ಕು ಮಾಡಿಕೊಂಡು, ಅನ್ನ ಬಡಿಸಿಕೊಂಡು, ಅಪ್ಪನ ಜೋಕುಗಳಿಗೆ ನಕ್ಕುಕೊಂಡು ಇಷ್ಟು ದಿನ ದೂಡಿದ್ದಾಳೆ. ಅದೂ ನನ್ನ ಮಗುವಿನ ದಾರಿ ಕಾಯುತ್ತ.

"ಇಲ್ಲ ಅಂದಿದ್ದು ತಪ್ಪು," ಎಂದಳು. "ಡಾಕ್ಟರ್ ಕೇಳಿದ್ದು ಹೆತ್ತಿದ್ದು ತಾನೇ," ಎಂದಳು ಹುಡುಗಿ, ಅವಳ ಸಮಾಧಾನವನ್ನೇ ಅವಳಿಗೆ ಹಿಂದಿರುಗಿಸುತ್ತ, "ಸರಿಯಾಗೇ ಹೇಳಿದ್ರಿ." ಇನ್ನೂ ತಪ್ಪು ತಪ್ಪು ಎನ್ನುತ್ತ ನಿಂತರೆ ತನ್ನ ಭಾರವನ್ನು ಇಳಿಸಿ ಈ ಮಗುವಿನ ಮಡಿಲಲ್ಲೇ ಇಟ್ಟ ಹಾಗಾಗುತ್ತದೆ. ಅವಳು ಮುಖ ಒರೆಸಿಕೊಂಡು, ಇನ್ನೊಂದು ಸ್ಟೂಲು ಎಳೆದು ಎದುರಿಗೆ ಕೂತಳು. "ನಾನು ಕೇಳಿದ್ದಕ್ಕೆ ನಾಚ್ಕೊಳ್ದೆ ಹೇಳು. ವಾಸನೆ ಇರತ್ತಾ?" "ಇಲ್ಲ." "ತುರಿಕೆ, ಉರಿ?" "ಇಲ್ಲ." "ಕೆಂಪಗೆ, ಹಳದಿ?" "ಇಲ್ಲ. ನೀರಿನ ಬಣ್ಣ." "ದಿನಾ ಹೀಗೇ ಇರತ್ತಾ?" "ದಿನಾ ಇಲ್ಲ. ಮುಟ್ಟು ಮುಗಿದ ಮೇಲೆ ಏನೂ ಇರಲ್ಲ, ವಾಸಿಯಾಯ್ತು ಅಂತ ಅಂದ್ಕೋತೀನಿ. ನಡುವೆ ಬರತ್ತೆ. ಒಂದೆರಡು ದಿನ ಜಾಸ್ತಿ. ಅದೇ ಹೊತ್ತಿಗೆ ಇಲ್ಲಿ ಚುಚ್ಚತ್ತೆ, ಒಂದೊಂದು ಸಲ ಈ ಕಡೆ, ಒಂದೊಂದು ಸಲ ಆ ಕಡೆ. ಆಮೇಲೆ ಎಲ್ಲ ನಿಂತುಹೋಗತ್ತೆ." "ಹೇಗಿರತ್ತೆ ಅದು?" ಹುಡುಗಿ ಮಾತು ಹುಡುಕಿದಳು. "ಗೋಂದಿನ ಥರ. ಅಲ್ಲ. ಗೊತ್ತಿಲ್ಲ, ಹೇಳೋಕೆ ಬರಲ್ಲ." ಅವಳು ಎದ್ದು, ಬುಟ್ಟಿಯಿಂದ ಒಂದು ಮೊಟ್ಟೆ ತೆಗೆದು ಬಟ್ಟಲಿನ ಅಂಚಿಗೆ ಕುಟ್ಟಿ ಒಡೆದಳು. ಹಳದಿಯ ಸುತ್ತ ಬಿಳಿ ಹರಡಿಕೊಂಡಿತು. ಎರಡು ಬೆರಳು ಅದ್ದಿ ಮೇಲಕ್ಕೆತ್ತಿದಳು. ಕಿಟಕಿಯ ಬಿಸಿಲಿನಲ್ಲಿ ಎಳೆ ಹೊಳೆಯಿತು, ಇಳಿಯಿತು, ತುಂಡಾಗಲಿಲ್ಲ. "ಹೀಗಾ?"

ಹುಡುಗಿ ಬಗ್ಗಿ ನೋಡಿದಳು. "ಹೂಂ," ಎಂದಳು. "ಥೇಟ್ ಹೀಗೇ."

ಬೆಳಿಗ್ಗೆ ತಾನು ಕಂಡದ್ದು ಇದಾಗಿರಲಿಲ್ಲ ಎಂದು ಆ ಕ್ಷಣದಲ್ಲೇ ಅವಳಿಗೆ ಖಚಿತವಾಯಿತು. ಇದರ ಹತ್ತಿರಕ್ಕೂ ಬರುವಂಥದ್ದಲ್ಲ. ಬಲ್ಬಿನ ಕೆಳಗೆ ಕುತ್ತಿಗೆ ಹೊರಳಿಸಿ ಹುಡುಕಿದ್ದೆಲ್ಲ ಆಸೆಯ ಅಂಟು. ತಾನು ತಿಂಗಳುಗಟ್ಟಲೆ ಹುಡುಕಿದ್ದು ಈ ಮನೆಯಲ್ಲೇ, ಅದೇ ಬಚ್ಚಲಲ್ಲಿ, ಕರೆಯದೆಯೇ ಬಂದು ಹೋಗುತ್ತಿದೆ. ಯಾರಿಗೆ ಬರುತ್ತಿದೆಯೋ ಅವಳು ಅದನ್ನು ಸಾವೆಂದು ತಿಳಿದು ತೊಳೆದು ಟವೆಲ್ಲಿನ ಅಡಿ ಬಚ್ಚಿಡುತ್ತಿದ್ದಾಳೆ. ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ... ಹೊಟ್ಟೆಯಲ್ಲಿ ಚುರುಕ್ಕೆಂದದ್ದು ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಡಲು ಅವಳು ಹೋಗಲಿಲ್ಲ. ಹದಿನಾಲ್ಕರ ಹುಡುಗಿಯ ಮೇಲೆ, ಹೆದರಿ ಬೆವೆತು ಕೂತ ಮಗುವಿನ ಮೇಲೆ ಹೊಟ್ಟೆಕಿಚ್ಚು. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ನಗು ಬಂತು, ಎಷ್ಟು ತಡೆದರೂ ನಿಲ್ಲದ ನಗು. ಬೆರಳಿನಿಂದ ಬಿಳಿ ತೊಟ್ಟಿಕ್ಕುತ್ತಿರುವಂತೆಯೇ ಕಟ್ಟೆಗೆ ಒರಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಹುಡುಗಿ ಗಾಬರಿಯಿಂದ ನೋಡುತ್ತಿದ್ದಳು. "ನಿಂಗೇನೂ ಆಗಿಲ್ಲ ಕಣೇ," ಎಂದಳು ಉಸಿರು ಸಿಕ್ಕಿದ ಮೇಲೆ, "ಏನೂ ಆಗಿಲ್ಲ. ಎಲ್ಲ ಸರಿಯಾಗಿ ಆಗ್ತಿದೆ, ಅಷ್ಟೇ."

ಆಮೇಲೆ ಹೇಳಿದಳು. ಎಡಕ್ಕೊಂದು ಬಲಕ್ಕೊಂದು ಅಂಡಾಶಯ ಇರುತ್ತದೆ, ಹುಟ್ಟುವಾಗಲೇ ಅದರೊಳಗೆ ಅಂಡಗಳಿರುತ್ತವೆ, ಮೈನೆರೆದ ಮೇಲೆ ತಿಂಗಳಿಗೊಂದು ಬಲಿತು ಹೊರಬೀಳುತ್ತದೆ, ಬೀಳುವ ಕಡೆ ಕೆಲವರಿಗೆ ಸಣ್ಣಗೆ ನೋಯುತ್ತದೆ, ಅದಕ್ಕೇ ನೋವು ಕಡೆ ಬದಲಾಯಿಸುವುದು. ಬೀಳುವ ಮುಂಚಿನ ದಿನಗಳಲ್ಲಿ ಒಳಗಿನ ದಾರಿ ತಾನೇ ತಾನಾಗಿ ತೇವವಾಗುತ್ತದೆ, ಹೊರಗೆ ಕಾಣುವುದು ಅದೇ. ಅಂಡ ಒಂದು ದಿನವೂ ಬಾಳುವುದಿಲ್ಲ, ಕರಗಿಹೋಗುತ್ತದೆ. ಮತ್ತೆ ಎರಡು ವಾರಕ್ಕೆ ಮುಟ್ಟು. ಹುಡುಗಿ ಬಟ್ಟಲನ್ನೇ ನೋಡುತ್ತ ಕೇಳಿದಳು. "ಸ್ಕೂಲಲ್ಲಿ ಚಿತ್ರ ಬರೆಸಿದ್ರು. ಭಾಗಗಳ ಹೆಸರು ಬರೆಸಿದ್ರು. ಹೀಗೆ ಬರತ್ತೆ ಅಂತ ಯಾರೂ ಹೇಳ್ಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ, "ನಿಮಗೆ ಹೇಗೆ ಗ್ಯಾರಂಟಿ ಇದು ಅದೇ ಅಂತ?" ಎಂದಳು.

"ನಾನೂ ದಿನಾ ಇದನ್ನೇ ಹುಡುಕ್ತಿರೋದಲ್ವಾ."

"ಸಿಕ್ತಾ?"

"ಸಿಕ್ತು ಅನ್ಸತ್ತೆ ಒಂದೊಂದು ತಿಂಗಳು. ಇವತ್ತು ಬೆಳಿಗ್ಗೆನೂ ಅನ್ನಿಸ್ತು. ಈಗ ಇದನ್ನ ನೋಡಿದ ಮೇಲೆ, ಇಲ್ಲ."

ಹುಡುಗಿ ತಲೆಯಾಡಿಸಿದಳು, ದೊಡ್ಡವರು ದೊಡ್ಡವರ ಕಷ್ಟಕ್ಕೆ ತಲೆಯಾಡಿಸುವ ಹಾಗೆ. ಆಮೇಲೆ ಅವಳ ಗಲ್ಲ ನಡುಗಿತು. ಅತ್ತಳು, ಬಾಯಿ ಅಗಲ ಮಾಡಿ, ಮೂಗು ಸೋರಿಸಿಕೊಂಡು, ಎಂಟು ವರ್ಷದವಳಂತೆ. ತಾಯಿ ಹೋದಾಗ ಅಷ್ಟೇ ವಯಸ್ಸಾಗಿತ್ತು, ಆಗ ಅತ್ತಿರಲಿಲ್ಲವಂತೆ. ಅವಳು ಮೊಟ್ಟೆಯ ಕೈಯನ್ನು ದೂರ ಹಿಡಿದು, ಇನ್ನೊಂದು ಕೈಯಿಂದ ಆ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತಳು. "ನಾಳೆ ಡಾಕ್ಟರಿಗೂ ಒಂದ್ಸಲ ತೋರಿಸಿಬಿಡೋಣ. ನನ್ನ ಮಾತು ನಂಬಬೇಡ ಅಂತಲ್ಲ, ನಿಂಗೆ ನೆಮ್ಮದಿಯಾಗಿ ನಿದ್ದೆ ಬರ್ಲಿ ಅಂತ." "ಅಪ್ಪಂಗೆ ಹೇಳಬೇಡಿ." "ಸಾಯ್ತೀನಿ ಅಂದ್ಕೊಂಡಿದ್ದು ಹೇಳಲ್ಲ. ಹೊಟ್ಟೆನೋವು ಅಂತೀನಿ." ಒಡೆದ ಮೊಟ್ಟೆ ದಂಡವಾಗಬಾರದೆಂದು ಇನ್ನೆರಡು ಸೇರಿಸಿ ಎರಡು ಆಮ್ಲೆಟ್ ಹಾಕಿದಳು. ಹುಡುಗಿ ಮೊದಲು ಮೂಗು ಮುರಿದು, ಆಮೇಲೆ ಎರಡನ್ನೂ ಒಬ್ಬಳೇ ತಿಂದಳು, ಕೆನ್ನೆ ತುಂಬಿಕೊಂಡು.

ಗಂಡ ಬಂದಾಗ ಹೊರಗೆ ಇನ್ನೂ ಬೆಳಕಿತ್ತು. ದೊಡ್ಡ ಹಾಸಿಗೆಯ ಮೇಲೆ ಗೋಡೆಗೊರಗಿ ಅವಳು ಕೂತಿದ್ದಳು. ಬಿಸಿನೀರಿನ ಚೀಲವನ್ನು ಹೊಟ್ಟೆಗಿಟ್ಟುಕೊಂಡು, ಅವಳ ತೊಡೆಯ ಮೇಲೆ ತಲೆಯಿಟ್ಟು ಹುಡುಗಿ ಗಾಢವಾಗಿ ನಿದ್ದೆ ಹೋಗಿದ್ದಳು. ಎಷ್ಟು ತಿಂಗಳ ನಿದ್ದೆಯೋ. ಅವನು ಡಿಪೋದಲ್ಲೇ ಮುಖ ತೊಳೆದು, ಇದ್ದ ನಾಲ್ಕು ಕೂದಲನ್ನು ನೀರು ಹಚ್ಚಿ ಬಾಚಿಕೊಂಡು ಬಂದಿದ್ದ. ಬಾಗಿಲಲ್ಲೇ ನಿಂತ. ನಗು, ಗಾಬರಿ, ಪ್ರಶ್ನೆ ಒಂದರ ಹಿಂದೊಂದು ಮುಖದ ಮೇಲೆ ಹಾದವು. ಅವಳು ಪಿಸುಗುಟ್ಟಿದಳು: "ಹೊಟ್ಟೆ ನೋವು. ಹೆಣ್ಣುಮಕ್ಕಳದ್ದು. ಹೆದರೋದೇನಿಲ್ಲ." ಹೆದರೋದೇನಿಲ್ಲ ಎಂಬ ಮಾತನ್ನು ಅವನು ನಂಬಬೇಕೋ ಬೇಡವೋ ಎಂಬಂತೆ ಅವಳ ಕಣ್ಣನ್ನೇ ನೋಡಿದ. ಈ ಮನೆಯಲ್ಲಿ ಆ ಮಾತನ್ನು ಮುಂಚೆ ಯಾರೋ ಆಡಿದ್ದರು ಎಂದು ಅವಳಿಗೆ ಆಗ ಹೊಳೆಯಿತು. "ನಿಜವಾಗ್ಲೂ ಇಲ್ಲ," ಎಂದಳು. ಅವನು ಉಸಿರು ಬಿಟ್ಟು ಹಾಸಿಗೆಯ ತುದಿಯಲ್ಲಿ ಕೂತು, ಮಗಳ ಅಂಗಾಲನ್ನು ಕೈಯಲ್ಲಿ ಹಿಡಿದುಕೊಂಡ. "ಮತ್ತೆ ನಮ್ಮ 'ಇರಬಹುದು' ಏನಾಯ್ತು?" "ಇರಲಿಲ್ಲ ರೀ. ನಾನೇ ತಪ್ಪು ತಿಳ್ಕೊಂಡಿದ್ದೆ." "ಸರಿ ಬಿಡು. ಡಿಪೋದವರು ನಕ್ಕಿದ್ದು ನಕ್ಕಾಯ್ತು, ವಾಪಸ್ ತಗೊಳೋಕಾಗಲ್ಲ." ಅವನು ಅಡುಗೆಮನೆಗೆ ಹೋಗಿ, ಸದ್ದಾಗದಂತೆ ಎಂದುಕೊಂಡು ಇಡೀ ಬೀದಿಗೆ ಕೇಳುವಷ್ಟು ಸದ್ದು ಮಾಡುತ್ತ ಪಾತ್ರೆ ತೆಗೆದು ಅನ್ನಕ್ಕಿಟ್ಟ. ತೊಡೆ ಜೋಮು ಹಿಡಿದಿತ್ತು. ಕಿಬ್ಬೊಟ್ಟೆಯ ಬಲಗಡೆ ಎಲ್ಲೋ ಸಣ್ಣಗೆ ಎಳೆದ ಹಾಗಾಯಿತು. ಕೂತ ಭಂಗಿಯದ್ದೋ, ತಲೆಯ ಭಾರದ್ದೋ, ಇನ್ನೊಂದೋ. ಎದ್ದು ಹೋಗಿ ನೋಡಬಹುದಿತ್ತು. ಹುಡುಗಿ ನಿದ್ದೆಯಲ್ಲಿ ಅವಳ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅವಳು ಕಾಲನ್ನು ಸ್ವಲ್ಪ ಸರಿಸಿಕೊಂಡು ಹಾಗೆಯೇ ಕೂತಳು.

ಮರುದಿನ ಡಾಕ್ಟರಮ್ಮ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು 'ಎಷ್ಟು ದಿನದಿಂದ' ಎಂದು ಶುರುಮಾಡಿ ಎಲ್ಲ ಕೇಳಿದರು, ಹೊಟ್ಟೆಯ ಮೇಲೆ ಕೈಯೊತ್ತಿ ನೋಡಿದರು, ತಾಯಿಯ ಕಾಯಿಲೆಯ ಬಗ್ಗೆ ಅವಸರವಿಲ್ಲದೆ ವಿಚಾರಿಸಿದರು. ಆ ಕಾಯಿಲೆ ಹೀಗೆ ತಿಂಗಳಿಗೊಮ್ಮೆ ಬಂದುಹೋಗುವಂಥದ್ದಲ್ಲ, ಈ ವಯಸ್ಸಿಗೆ ಬರುವಂಥದ್ದೂ ಅಲ್ಲ, ನಿನ್ನ ಮೈ ಗಡಿಯಾರದ ಹಾಗೆ ನಡೀತಿದೆ, ಮುಂದೆ ವಾಸನೆಯೋ ತುರಿಕೆಯೋ ಬಣ್ಣವೋ ಬದಲಾದರೆ ಮಾತ್ರ ಬಾ ಎಂದರು. ಹುಡುಗಿ ಒಂದೊಂದು ಮಾತಿಗೂ ತಿರುಗಿ ಚಿಕ್ಕಮ್ಮನ ಮುಖ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. "ಇನ್ನೇನಾದ್ರೂ ಕೇಳೋದಿದೆಯಾ?" ಎಂದು ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. ಇನ್ನೇನಿರುತ್ತದೆ, ಅವಳು ಬ್ಯಾಗು ಎತ್ತಿಕೊಂಡು ಏಳಲು ಹೊರಟಿದ್ದಳು.

"ಇದೆ," ಎಂದಳು ಹುಡುಗಿ. "ನಂದು ಸರಿ ಇದೆಯಂತಲ್ಲ. ಇವರದ್ದು ಯಾಕೆ ಕಾಣಿಸ್ತಿಲ್ಲ? ಪಾಪ, ದಿನಾ ನೋಡ್ಕೋತಾರೆ."

ಚಿಕ್ಕಮ್ಮನ ಮುಖ, ಕಿವಿ, ಕುತ್ತಿಗೆ ಎಲ್ಲ ಬೆಂಕಿಯಾದವು. ಡಾಕ್ಟರಮ್ಮ ತುಟಿ ಬಿಗಿಹಿಡಿದು ನಗು ನುಂಗಿಕೊಂಡು, ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದರು. "ಕೆಲವು ತಿಂಗಳು ಬರದೇ ಇರಬಹುದು," ಎಂದರು, ಹುಡುಗಿಗೇ ಹೇಳುವಂತೆ. "ಕೆಲವು ತಿಂಗಳು ಬಂದ್ರೂ ಹೊರಗೆ ಗೊತ್ತಾಗದೇ ಇರಬಹುದು. ಬರ್ತಿದೆಯಾ ಇಲ್ವಾ ಅಂತ ರಕ್ತ ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿ ನೋಡಬಹುದು. ಬರದೇ ಇದ್ರೆ ಏನ್ಮಾಡೋದು ಅನ್ನೋದು ಆಮೇಲಿನ ಮಾತು. ಇವರು ಕೇಳಲೇ ಇಲ್ಲ ನೋಡು."

"ಕೇಳಲ್ಲ ಇವರು," ಎಂದಳು ಅಳಿಲು, "ನಾಚ್ಕೋತಾರೆ." ಅಂದವಳೇ ಅವಳ ಕೈಯಿಂದ ಬ್ಯಾಗನ್ನು ಬಿಡಿಸಿಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು, ಇನ್ನೂ ಬಹಳ ಹೊತ್ತು ಕೂರುವುದಿದೆ ಎಂಬಂತೆ.